ಭಾನುವಾರ ನಾಲ್ಕು ಗಂಟೆಯ ಆಟ

ಮೇಲಿನ ಸೆಟ್ಟು ಸಲೀಸಾಗಿ ಕೂತಿತು. ಕೆಳಗಿನದು ಮಾತ್ರ ಹಟ ಹಿಡಿಯಿತು. ಅವಳು ಅಪ್ಪನ ಗಲ್ಲವನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಹೆಬ್ಬೆರಳಿನಿಂದ ತುಟಿ ಸರಿಸಿ, ಹಲ್ಲಿನ ಸಾಲನ್ನು ತುಸು ಓರೆ ಮಾಡಿ ಒಳಗೆ ತಳ್ಳಿದಳು. ದವಡೆ ಆಗಲೇ ಬಿಗಿಯತೊಡಗಿತ್ತು. ಇನ್ನೊಂದು ಗಂಟೆ ತಡವಾಗಿದ್ದರೆ ಅಪ್ಪ ಬೊಚ್ಚುಬಾಯಿಯಲ್ಲೇ ಹೊರಡಬೇಕಾಗುತ್ತಿತ್ತು.

"ಬಿಡೇ ಪುಟ್ಟಿ, ಈಗ ಹಲ್ಲು ಯಾಕೆ? ಊಟ ಮಾಡ್ತಾನಾ?" ಎಂದ ಅಣ್ಣ, ಬಾಗಿಲಲ್ಲಿ ನಿಂತು. ಬೆಳಗಿನಿಂದ ಅತ್ತೂ ಅತ್ತೂ ಅವನ ಮೂಗು ಕೆಂಪಾಗಿತ್ತು.

"ಜನ ನೋಡೋಕೆ ಬರ್ತಾರಲ್ಲ. ಹಲ್ಲಿಲ್ದೆ ಅಪ್ಪ ಯಾರೆದುರಿಗಾದ್ರೂ ಕೂತಿದ್ದನ್ನ ನೋಡಿದೀಯಾ?"

ಟಕ್ ಎಂದು ಕೆಳಗಿನ ಸೆಟ್ಟೂ ಜಾಗಕ್ಕೆ ಬಂತು. ಒಳಗೆ ಬಿದ್ದಿದ್ದ ಕೆನ್ನೆ ಮೇಲೆದ್ದಿತು. ಅಪ್ಪನ ಮುಖ ಅಪ್ಪನಿಗೆ ವಾಪಸಾಯಿತು. ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ ಅವಳು ಇಪ್ಪತ್ತೆರಡು ವರ್ಷದಿಂದ ಕೆಲಸಕ್ಕಿದ್ದಳು. ಮೇಣದ ಅಚ್ಚು ತೆಗೆಯುವುದು, ಪ್ಲಾಸ್ಟರು ಸುರಿಯುವುದು, ಒಂದೊಂದೇ ಹಲ್ಲು ಕೂರಿಸಿ ಉಜ್ಜಿ ನುಣುಪು ಮಾಡುವುದು. ಊರಿನ ಅರ್ಧಕ್ಕರ್ಧ ಮುದುಕರು ನಗುತ್ತಿದ್ದದ್ದು ಅವಳ ಕೈಕೆಲಸದ ಹಲ್ಲಿನಲ್ಲಿ. ಅಪ್ಪನ ಸೆಟ್ಟಿಗೆ ಮಾತ್ರ ಅವಳು ಒಂದು ಹಲ್ಲನ್ನು ಬೇಕೆಂದೇ ಸೊಟ್ಟ ಕೂರಿಸಿದ್ದಳು, ಅವನ ಹುಟ್ಟುಹಲ್ಲು ಹಾಗೇ ಇತ್ತೆಂದು.

ಕೈ ತೊಳೆಯಲು ಬಚ್ಚಲಿಗೆ ಹೋದವಳು ಬಾಗಿಲ ಚಿಲಕ ಹಾಕಿಕೊಂಡು ಸುಮ್ಮನೆ ನಿಂತಳು. ನಸುಕಿನಲ್ಲಿ ಅಪ್ಪನ ಉಸಿರು ನಿಂತಾಗ ಅವಳ ತಲೆಗೆ ಮೊದಲು ಬಂದದ್ದು ಅಪ್ಪನಲ್ಲ. 'ನಾಳೆ ಸೋಮವಾರ' ಎಂಬುದು ಬಂದಿತ್ತು. ಕಡಲತೀರದ ಪಟ್ಟಣದಲ್ಲಿ ಲ್ಯಾಬಿನ ಯಜಮಾನರು ಹೊಸ ಶಾಖೆ ತೆರೆಯುತ್ತಿದ್ದರು. ಅದನ್ನು ನಡೆಸಲು ಅವಳೇ ಬೇಕೆಂದು ಎರಡು ಸಲ ಕೇಳಿದ್ದರು. ಎರಡು ಸಲವೂ ಅವಳು ಅಪ್ಪನ ಕಡೆ ಕೈ ತೋರಿಸಿದ್ದಳು. ಮೂರನೆಯ ಸಲ ಕೇಳಿ, ಸೋಮವಾರದೊಳಗೆ ಹೇಳು, ಇಲ್ಲವಾದರೆ ಬೇರೆಯವರನ್ನು ಕಳಿಸುತ್ತೇನೆ ಎಂದಿದ್ದರು. ಹೆತ್ತವನ ಮೈ ಇನ್ನೂ ಬೆಚ್ಚಗಿರುವಾಗ ಮಗಳಿಗೆ ಇಂಥ ಯೋಚನೆ ಬರಬಹುದೇ? ಅವಳಿಗೆ ನಾಚಿಕೆಯಾಯಿತು. ನಾಚಿಕೆಯಾದ ಮೇಲೂ ಸೋಮವಾರ ತಲೆಯಿಂದ ಹೋಗಲಿಲ್ಲ.

ಹೊರಗೆ ಅಣ್ಣ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದ: "ಇಲ್ಲ ಇಲ್ಲ, ಏನೂ ನಿಲ್ಲಲ್ಲ. ಅಪ್ಪ ಹೋದ್ರೂ ಭಾನುವಾರದ ಆಟ ನಡೆಯತ್ತೆ. ಪುಟ್ಟಿ ಇದಾಳಲ್ಲ!"

*

ಅಪ್ಪನಿಗೆ ಹೆಸರೊಂದಿತ್ತು, ಆದರೆ ಅದರಿಂದ ಕರೆದವರು ಕಡಿಮೆ. ಟಾರ್ಚಪ್ಪ ಎಂದರೆ ಸಾಕಾಗಿತ್ತು. ಊರಿನ ಹಳೆಯ ಚಿತ್ರಮಂದಿರದಲ್ಲಿ ಮೂವತ್ತಾರು ವರ್ಷ, ದಿನಕ್ಕೆ ನಾಲ್ಕು ಆಟ, ಟಾರ್ಚು ಹಿಡಿದು ಕತ್ತಲಲ್ಲಿ ಜನರನ್ನು ಅವರವರ ಸೀಟಿಗೆ ಮುಟ್ಟಿಸಿದವನು ಅವನು. ಆ ಕೆಲಸಕ್ಕಿದ್ದವರೆಲ್ಲ ಎರಡನೇ ದಿನಕ್ಕೆ ಬೇಸತ್ತು ಬಾಗಿಲಾಚೆ ಬೀಡಿ ಸೇದುತ್ತ ಕೂರುತ್ತಿದ್ದರು. ಅಪ್ಪ ಒಳಗೇ ಗೋಡೆಗೆ ಒರಗಿ ನಿಂತಿರುತ್ತಿದ್ದ. ಒಂದೇ ಚಿತ್ರವನ್ನು ಇನ್ನೂರು ಸಲ ನೋಡಿದ ಮೇಲೆ ಮನುಷ್ಯನಿಗೆ ಒಂದೋ ಹುಚ್ಚು ಹಿಡಿಯಬೇಕು, ಇಲ್ಲ ರುಚಿ ಹತ್ತಬೇಕು. ಅಪ್ಪನಿಗೆ ಎರಡೂ ಆಯಿತು.

ನಿರ್ದೇಶಕರನ್ನು ಅಳೆಯಲು ಅವನದೇ ಒಂದು ಲೆಕ್ಕಾಚಾರವಿತ್ತು. "ಯಾವ ಸೀನಲ್ಲಿ ಜನ ಒಂದಕ್ಕೆ ಎದ್ದು ಹೋಗ್ತಾರೆ ಅಂತ ನೋಡ್ಬೇಕು. ಕುಣಿತಕ್ಕೆ ಏಳ್ತಾರೆ, ಹೊಡೆದಾಟಕ್ಕೆ ಏಳ್ತಾರೆ. ಒಬ್ಬಳು ಸುಮ್ನೆ ಕೂತು ಕಾಗದ ಓದ್ತಿರ್ತಾಳೆ, ಒಬ್ಬನೂ ಏಳಲ್ಲ. ಅವನು ಕಣೇ ನಿರ್ದೇಶಕ!" ನಟರ ಬಗ್ಗೆಯೂ ಅಷ್ಟೇ. ಮುಖ ನೋಡಿ ಮರುಳಾಗುವವರು ಮುಂದಿನ ಸಾಲಿನವರು ಎನ್ನುತ್ತಿದ್ದ. ಒಳ್ಳೆಯ ನಟಿಯನ್ನು ಬೆನ್ನಿನಿಂದ ಗುರುತು ಹಿಡಿಯಬೇಕಂತೆ, ಕೆಟ್ಟ ನಟ ಬಾಗಿಲು ತೆರೆಯುವ ರೀತಿಯಲ್ಲೇ ಸಿಕ್ಕಿಬೀಳುತ್ತಾನಂತೆ.

ನಿವೃತ್ತನಾದ ಎರಡೇ ವರ್ಷಕ್ಕೆ ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆ ಬಂತು. ಕತ್ತಲು ಅಂಚಿನಿಂದ ಒಳಗೆ ಬಂದು, ನೋಟವೆಂಬುದು ಟಾರ್ಚಿನ ಬೆಳಕಿನಷ್ಟಾಗಿ, ಆಮೇಲೆ ಅದೂ ಆರಿತು. ಅಮ್ಮ ಅಷ್ಟರಲ್ಲಿ ತೀರಿಕೊಂಡಿದ್ದಳು. ಅಣ್ಣ ಮದುವೆಯಾಗಿ ಎರಡು ಬೀದಿಯಾಚೆ ಮನೆ ಮಾಡಿದ್ದ. ಒಂದು ಭಾನುವಾರ ನಾಲ್ಕು ಗಂಟೆಗೆ, ಕುರುಡಾದ ಅಪ್ಪ ಟಿವಿಯ ಮುಂದೆ ಕೂತು ಹಳೆಯ ಚಿತ್ರವೊಂದರ ಮಾತುಗಳನ್ನಷ್ಟೇ ಕೇಳಿಸಿಕೊಳ್ಳುತ್ತಿದ್ದುದನ್ನು ನೋಡಲಾರದೆ ಅವಳು ಪಕ್ಕದಲ್ಲಿ ಕೂತಳು.

"ಈಗ ಅವಳು ಕಿಟಕಿ ಹತ್ರ ಹೋದ್ಲು ಅಪ್ಪ."

"ಹೇಗೆ ಹೋದ್ಲು?"

"ನಡ್ಕೊಂಡು."

"ಕಾಲಲ್ಲೋ ಕೈಯಲ್ಲೋ ಅಂತ ಕೇಳಲಿಲ್ಲ ಮಾರಾಯ್ತಿ. ಹೋಗೋಕೆ ಮನಸ್ಸಿತ್ತಾ?"

ಆ ಒಂದು ಭಾನುವಾರ ಒಂಬತ್ತು ವರ್ಷವಾಯಿತು. ಕಿಟಕಿಗಳಿಗೆ ಕಪ್ಪು ಬಟ್ಟೆ ಹೊಲಿಸಿದರು. ಅಪ್ಪನ ಹಳೆಯ ಗೆಳೆಯರಿಬ್ಬರು, ನಿವೃತ್ತ ಪೋಸ್ಟ್‌ಮಾಸ್ಟರು ಮತ್ತು ಗಡಿಯಾರ ರಿಪೇರಿ ಮಾಡುವ ವಾಚಿನವರು, ತಪ್ಪದೆ ಬರತೊಡಗಿದರು. ಅವಳಿಗೆ 'ಕಾಮೆಂಟ್ರಿ' ಎಂದು ಹೆಸರಿಟ್ಟರು. ಅವಳೂ ಪಳಗಿದಳು, ಒಂದು ಮುಗುಳ್ನಗೆಯನ್ನು ಮೂರು ಬಗೆಯಲ್ಲಿ ಹೇಳಬಲ್ಲವಳಾದಳು. ಆದರೆ ಬಾಯಿ ಒಂದೇ ಸಮನೆ ಆಡುತ್ತಿರುವಾಗ ಕಣ್ಣಿಗೆ ಬಿಡುವಿರುವುದಿಲ್ಲ. ಅದು ಮುಂದಿನ ಮಾತನ್ನು ಹುಡುಕುತ್ತಿರುತ್ತದೆ. ಗೆಳತಿಯರ ಮದುವೆ, ಲ್ಯಾಬಿನವರ ಪ್ರವಾಸ, ಜ್ವರ, ಯಾವುದೂ ಭಾನುವಾರಕ್ಕೆ ಅಡ್ಡ ಬರುವಂತಿರಲಿಲ್ಲ. ಅವಳನ್ನು ಇಷ್ಟಪಟ್ಟು ಆರು ತಿಂಗಳು ಹಿಂದೆ ಮುಂದೆ ಸುಳಿದ ಔಷಧಿ ಅಂಗಡಿಯವನೊಬ್ಬ ಕೊನೆಗೆ ಧೈರ್ಯ ಮಾಡಿ, "ಭಾನುವಾರ ಸಿನಿಮಾಕ್ಕೆ ಹೋಗೋಣ್ವಾ?" ಎಂದಿದ್ದ. ಅವಳಿಗೆ ನಗು ತಡೆಯಲಾಗಲಿಲ್ಲ. ಪಾಪ, ಅವನು ಮತ್ತೆ ಮುಖ ತೋರಿಸಲಿಲ್ಲ. ಆಮೇಲೆ ಅವಳು ಅತ್ತದ್ದು ಅವನಿಗೆ ಗೊತ್ತಾಗಲೂ ಇಲ್ಲ.

*

ಹನ್ನೊಂದರ ಹೊತ್ತಿಗೆ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಟಾರ್ಚಪ್ಪನ ಬೆಳಕಿನಲ್ಲಿ ಸೀಟು ಹುಡುಕಿದವರು ಊರಲ್ಲಿ ಇಷ್ಟು ಜನ ಉಳಿದಿದ್ದಾರೆಂದು ಯಾರೂ ಎಣಿಸಿರಲಿಲ್ಲ. ಒಬ್ಬ ಹೆಂಗಸು, ತಾನು ಗಂಡನ ಜೊತೆ ಮೊದಲ ಸಲ ಸಿನಿಮಾಕ್ಕೆ ಹೋದಾಗ ಟಾರ್ಚಪ್ಪ ಮೂಲೆ ಸೀಟು ಕೊಟ್ಟು ಆ ಕಡೆ ಬೆಳಕೇ ಬಿಡಲಿಲ್ಲವೆಂದು ಹೇಳಿದಾಗ, ಸತ್ತ ಮನೆಯೆಂಬುದನ್ನೂ ಮರೆತು ನಾಲ್ಕಾರು ಜನ ನಕ್ಕರು.

ಬಂದವರೆಲ್ಲ ಅಪ್ಪನ ಕಾಲಿಗೆ ಕೈ ಮುಗಿದು ಅವಳ ಕಡೆ ತಿರುಗುತ್ತಿದ್ದರು. ಮಾತು ಹೆಚ್ಚುಕಡಿಮೆ ಒಂದೇ.

"ಅವನ ಕಣ್ಣೇ ನೀನಾಗಿದ್ದೆ ತಾಯಿ."

"ಇನ್ನು ಮೇಲೆ ಅವನಿಲ್ದಿದ್ರೂ ನೀನಿದೀಯಲ್ಲ, ಅಷ್ಟೇ ಸಮಾಧಾನ."

ಅವಳು ತಲೆಯಾಡಿಸುತ್ತಿದ್ದಳು. ಪ್ರತಿ ಸಲ ತಲೆಯಾಡಿಸಿದಾಗಲೂ ಏನಕ್ಕೋ ಒಪ್ಪಿಗೆ ಕೊಟ್ಟಂತಾಗುತ್ತಿತ್ತು. ಬೆನ್ನಿಗೆ ಗೋಡೆ, ಎದುರಿಗೆ ಅಪ್ಪ, ಎಡಬಲಕ್ಕೆ ಅತ್ತಿಗೆ ಮತ್ತು ನೆಂಟರು. ಎದ್ದು ನೀರು ಕುಡಿದು ಬರುತ್ತೇನೆಂದರೆ ಮೂರು ಜನ ನೀರು ತಂದುಕೊಟ್ಟರು.

ಯಜಮಾನರೂ ಹಾರ ಹಿಡಿದು ಬಂದರು. ಅಪ್ಪನ ಬಾಯಿಯನ್ನೇ ಒಂದು ಕ್ಷಣ ನೋಡಿ, "ಕೆಳಗಿಂದೂ ಕೂರಿಸಿದ್ಯಾ? ಭೇಷ್," ಎಂದರು, ಮೆಲ್ಲಗೆ. ಅಭ್ಯಾಸಬಲ. ಆಮೇಲೆ ತಾವೇ ಮುಜುಗರಪಟ್ಟು, "ಈಗ ಕೇಳಬಾರದು. ಆದ್ರೂ... ನಾಳೆ ಒಂದು ಫೋನು ಮಾಡಮ್ಮ. ಹ್ಞೂಂ ಅಂದ್ರೂ ಸರಿ, ಊಹ್ಞೂಂ ಅಂದ್ರೂ ಸರಿ," ಎಂದರು.

ಅವಳು ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಅವರ ಕೈ ಹಿಡಿದುಕೊಂಡು, "ಇವತ್ತು ಸಂಜೆ ನಾಲ್ಕಕ್ಕೆ ನೀವೂ ಬನ್ನಿ ಸಾರ್, ಅಪ್ಪನ ನೆನಪಿಗೆ ಒಂದು ಚಿತ್ರ ಹಾಕ್ತಿದೀವಿ, ಪುಟ್ಟಿ ಹೇಳ್ತಾಳೆ," ಎಂದ. ಯಜಮಾನರು ಅವಳ ಮುಖ ನೋಡಿದರು. ಏನು ಅರ್ಥವಾಯಿತೋ, ನಿಟ್ಟುಸಿರಿಟ್ಟು ಚಪ್ಪಲಿ ಹುಡುಕಿಕೊಂಡು ಹೊರಟರು.

*

ಹೋದ ವರ್ಷ, ಯಜಮಾನರಿಗೆ ಎರಡನೇ ಸಲ ಇಲ್ಲವೆಂದು ಹೇಳಿ ಬಂದ ದಿನ, ಭಾನುವಾರವಲ್ಲದಿದ್ದರೂ ಅಪ್ಪ ದೋಣಿಯ ಚಿತ್ರ ಹಾಕೆಂದ.

ಅದು ಅವನ ಪ್ರಾಣ. ಮೂರೇ ಚಿತ್ರ ಮಾಡಿ ಸುಮ್ಮನಾದ ನಿರ್ದೇಶಕನದು. ಮನೆಮಂದಿಗೆಲ್ಲ ದುಡಿದು ಸವೆದ ಹೆಂಗಸೊಬ್ಬಳು ಕೊನೆಗೆ ಪೆಟ್ಟಿಗೆ ಕಟ್ಟಿಕೊಂಡು ಹೊಳೆಯ ದಡಕ್ಕೆ ಬರುತ್ತಾಳೆ. ದೋಣಿ ಕಾದಿದೆ. ಅಂಬಿಗ ಕೈ ಚಾಚುತ್ತಾನೆ. ಅವಳು ಪೆಟ್ಟಿಗೆಯ ಮೇಲೆ ಕೂತುಬಿಡುತ್ತಾಳೆ. ದೋಣಿ ಹೋಗುತ್ತದೆ. ಕ್ಯಾಮೆರಾ ಒಂದೂವರೆ ನಿಮಿಷ ಅವಳ ಬೆನ್ನನ್ನೇ ನೋಡುತ್ತ ನಿಲ್ಲುತ್ತದೆ. ಮಾತಿಲ್ಲ, ಸಂಗೀತವಿಲ್ಲ, ನೀರಿನ ಸದ್ದಷ್ಟೇ. ಆ ಒಂದೂವರೆ ನಿಮಿಷದಲ್ಲಿ ಚಿತ್ರಮಂದಿರದಲ್ಲಿ ಒಬ್ಬನೂ ಎದ್ದದ್ದಿಲ್ಲ, ಕೆಮ್ಮಿದ್ದೂ ಇಲ್ಲ ಎಂದು ಅಪ್ಪ ನೂರು ಸಲ ಹೇಳಿದ್ದ.

ಅವತ್ತು ಅವಳಿಗೆ ಆ ಬೆನ್ನನ್ನು ಹೇಳಲಾಗಲಿಲ್ಲ. ಸಿಟ್ಟು ಬಂತು. ಯಾರ ಮೇಲೆಂದು ಕೇಳಿದ್ದರೆ ಅವಳಿಗೂ ಗೊತ್ತಿರಲಿಲ್ಲ.

"ಅಂಬಿಗ ಕೈ ಚಾಚಿದ," ಎಂದಳು. "ಅವಳು ಕೈ ಹಿಡ್ಕೊಂಡ್ಲು. ಹತ್ತಿದ್ಲು."

ಟಿವಿಯಲ್ಲಿ ನೀರಿನ ಸದ್ದು. ಅಪ್ಪನ ಕೈ ಕುರ್ಚಿಯ ತೋಳಿನ ಮೇಲೆ ಏನನ್ನೋ ಹುಡುಕುವಂತೆ ಆಡಿ ನಿಂತಿತು.

"ಪೆಟ್ಟಿಗೆ?"

"ದಡದಲ್ಲೇ ಬಿಟ್ಲು."

"ತಿರುಗಿ ನೋಡಿದ್ಲಾ?"

"ಇಲ್ಲ."

"ಹ್ಞೂಂ," ಎಂದ ಅಪ್ಪ. ನೀರಿನ ಸದ್ದು ಮುಗಿದ ಮೇಲೆ, "ಸರಿ. ಆಫ್ ಮಾಡು," ಎಂದ.

ಆ ಚಿತ್ರವನ್ನು ಅವನು ಮತ್ತೆ ಹಾಕಿಸಲಿಲ್ಲ. ತಪ್ಪಾಯಿತೆಂದು ಹೇಳಲು ಅವಳಿಗೂ ಬಾಯಿ ಬರಲಿಲ್ಲ. ಕುರುಡನ ಕಣ್ಣಿಗೆ ಮಣ್ಣೆರಚಿದೆನೆಂಬ ಸಂಕಟ ಒಂದು ವರ್ಷದಿಂದ ಅವಳನ್ನು ತಿನ್ನುತ್ತಲೇ ಇತ್ತು.

*

ಚಿತಾಗಾರದಲ್ಲಿ ಸರದಿಯಿತ್ತು. ಗಂಡಸರು ಗುಂಪುಗುಂಪಾಗಿ ಮರದ ಕೆಳಗೆ ನಿಂತರು. ಪೋಸ್ಟ್‌ಮಾಸ್ಟರು ಮತ್ತು ವಾಚಿನವರು ಅವಳನ್ನು ನಡುವೆ ಕೂರಿಸಿಕೊಂಡು ಸಿಮೆಂಟಿನ ಬೆಂಚಿನ ಮೇಲೆ ಕೂತರು. ಇಬ್ಬರೂ ದಪ್ಪನೆಯವರು, ಅವಳಿಗೆ ತೋಳು ಅಲ್ಲಾಡಿಸಲೂ ಆಗುತ್ತಿರಲಿಲ್ಲ.

"ಕೊನೆಕೊನೆಗೆ ಅವನಿಗೆ ಅರಳುಮರಳು ಶುರುವಾಗಿತ್ತು ಕಣಮ್ಮ," ಎಂದರು ವಾಚಿನವರು. "ನಿನಗೆ ಹೇಳಿರಲಿಲ್ಲ, ಬೇಜಾರಾಗ್ತೀಯ ಅಂತ. ದೋಣಿ ಚಿತ್ರದ ವಿಷಯಕ್ಕೆ ನಮ್ಮ ಜೊತೆ ಎಂಥ ಜಗಳ ಅಂತೀಯ!"

ಅವಳು ಥಟ್ಟನೆ ಅವರ ಕಡೆ ತಿರುಗಿದಳು. "ಏನಂತ?"

"ಅವಳು ದೋಣಿ ಹತ್ತಿ ಹೋಗ್ತಾಳಂತೆ! ಪೆಟ್ಟಿಗೆ ದಡದಲ್ಲಿ ಬಿಟ್ಟು! ನಾನಂದೆ, ಅಲ್ಲಯ್ಯಾ, ಮೂವತ್ತು ವರ್ಷ ನೀನೇ ನಮಗೆ ಹೇಳಿದ್ದು, ಕೂತ್ಲು, ಬೆನ್ನು, ಒಂದೂವರೆ ನಿಮಿಷ ಅಂತ. ಅದಕ್ಕೇನಂದ ಗೊತ್ತಾ? 'ನಾನು ಜನರ ಕಡೆ ಟಾರ್ಚು ಬಿಟ್ಕೊಂಡು ನಿಂತಿದ್ದೆ ಕಣೋ, ನನ್ನ ಬೆನ್ನ ಹಿಂದೆ ಏನಾಯ್ತೋ ನನಗೇನು ಗೊತ್ತು. ನನ್ನ ಮಗಳು ಕಣ್ಣಾರೆ ನೋಡಿದಾಳೆ. ಹತ್ತಿದ್ಲು.'"

"ಮೂರು ವಾರ ನನ್ನ ಜೊತೆ ಮಾತು ಬಿಟ್ಟಿದ್ದ," ಎಂದರು ಪೋಸ್ಟ್‌ಮಾಸ್ಟರು, ಕಣ್ಣೊರೆಸಿಕೊಳ್ಳುತ್ತ. "ನೀನೇ ಹೇಳಮ್ಮ ಕಾಮೆಂಟ್ರಿ. ಹತ್ತಿದ್ಲಾ, ಕೂತ್ಲಾ?"

ಅವಳು ಸುಳ್ಳು ಹೇಳಲು ನೋಡಿದಳು. ಆಗಲಿಲ್ಲ. "ಕೂತ್ಲು," ಎಂದಳು.

"ನೋಡಿದ್ರಾ! ನಾನು ಹೇಳಲಿಲ್ವಾ!" ವಾಚಿನವರು ತೊಡೆ ತಟ್ಟಿದರು.

ಅವಳಿಗೆ ಬೆಳಗಿನಿಂದ ಬಾರದ ಅಳು ಒಮ್ಮೆಲೇ ನುಗ್ಗಿ ಬಂತು. ಅಪ್ಪನಿಗೆ ಗೊತ್ತಿತ್ತು. ಅವಳು ಸುಳ್ಳು ಹೇಳಿದ ಕ್ಷಣದಲ್ಲೇ ಗೊತ್ತಾಗಿತ್ತು. ಕಣ್ಣು ಹೋದ ಮೇಲೆ ಅವನ ಬಳಿ ಉಳಿದಿದ್ದ ಆಸ್ತಿಯೆಂದರೆ ಆ ಇನ್ನೂರು ಸಲದ ನೆನಪೊಂದೇ. ಅವಳಿಗೋಸ್ಕರ ಅದನ್ನೂ ಸುಳ್ಳೆಂದುಬಿಟ್ಟ, ಗೆಳೆಯರೆದುರು ಹುಚ್ಚನೆನಿಸಿಕೊಂಡ. ಆದರೆ ಹೋಗು ಎಂದು ಬಾಯಿಬಿಟ್ಟು ಹೇಳಲಿಲ್ಲ. ಅವನಿಗೂ ಭಯವಿತ್ತೇನೋ. ಅವಳಿಗೆ ಅವನ ಮೇಲೆ ಪ್ರೀತಿ ಉಕ್ಕಿದಷ್ಟೇ ಕೋಪವೂ ಉಕ್ಕಿತು. ಎರಡನ್ನೂ ಹೊರಹಾಕಲು ಆ ಬೆಂಚಿನಲ್ಲಿ ಜಾಗವಿರಲಿಲ್ಲ.

"ಅಳಬೇಡ ತಾಯಿ," ಪೋಸ್ಟ್‌ಮಾಸ್ಟರು ಅವಳ ತಲೆ ಸವರಿದರು. "ಅವನಿಗಾಗಿ ಮಾಡಿದ್ದನ್ನ ಇನ್ನು ನಮಗೆ ಮಾಡು. ನಮಗಾದ್ರೂ ಯಾರಿದಾರೆ? ಭಾನುವಾರ ಅನ್ನೋದೊಂದು ಇಲ್ದಿದ್ರೆ ನನಗೆ ವಾರ ಅನ್ನೋದೇ ಇಲ್ಲ."

ಅದು ನಿಜವೇ ಆಗಿತ್ತು, ಅದಕ್ಕೇ ಅವಳಿಗೆ ಉಸಿರುಗಟ್ಟಿತು. ಅವರ್ಯಾರೂ ಕೆಟ್ಟವರಾಗಿದ್ದರೆ ಎಷ್ಟು ಚೆನ್ನಾಗಿತ್ತು! ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಕಬ್ಬಿಣದ ಬಾಗಿಲು ಮೇಲಕ್ಕೆದ್ದು, ಅಪ್ಪ ಒಳಗೆ ಹೋದ ಮೇಲೆ ಮತ್ತೆ ಇಳಿಯಿತು. ಅವಳು ಅಣ್ಣನ ತೋಳು ಹಿಡಿದು, "ಅಣ್ಣ, ನಾಳೆ ನಾನು..." ಎಂದಳು.

"ನಾಳೆ ವಿಷಯ ನಾಳೆ ಪುಟ್ಟಿ," ಎಂದ ಅಣ್ಣ, ಬಿಕ್ಕುತ್ತ. "ನಡಿ, ನಾಲ್ಕಾಗತ್ತೆ."

*

ನಡುಮನೆ ತೊಳೆದು ಕಿಟಕಿಗಳ ಕಪ್ಪು ಬಟ್ಟೆ ಇಳಿಬಿಟ್ಟರು. ಅಣ್ಣ, ಅತ್ತಿಗೆ, ಪೋಸ್ಟ್‌ಮಾಸ್ಟರು, ವಾಚಿನವರು ಸಾಲಾಗಿ ಕೂತರು. ಅಪ್ಪನನ್ನು ನಗಿಸುತ್ತಿದ್ದ ಚಿತ್ರ ಹಾಕು ಎಂದ ಅಣ್ಣ. ಅವಳು ಮಾತಿಲ್ಲದ ಕಾಲದ್ದೊಂದು ತೆಗೆದಳು. ಬರೀ ಪಿಯಾನೊ ಬಾರಿಸುತ್ತಿರುತ್ತದೆ. ಗೆಲ್ಲುವಾಗ ಅಳುಮೋರೆ, ಸೋಲುವಾಗ ನಗುಮೋರೆ ಮಾಡುವ ನಟನೊಬ್ಬ, ಆಳೆತ್ತರದ ಬೀರುವನ್ನು ಹೊತ್ತು ನಾಲ್ಕು ಮಹಡಿ ಹತ್ತಬೇಕಾದ ಕತೆ.

ನಾಲ್ಕು ಹೊಡೆಯಿತು. ನಾಲ್ವರೂ ಕಣ್ಣು ಮುಚ್ಚಿದರು.

ಅದು ಆ ಮನೆಯ ರೂಢಿ. ಮೊದಲ ವರ್ಷವೇ ಪೋಸ್ಟ್‌ಮಾಸ್ಟರು, ಅವನೊಬ್ಬನೇ ಯಾಕೆ ಕತ್ತಲಲ್ಲಿ ಕೂರಬೇಕೆಂದು, ತಾವೂ ಕಣ್ಣು ಮುಚ್ಚಿ ಕೇಳಲು ಶುರುಮಾಡಿದ್ದರು. ವಾಚಿನವರೂ ಹಾಗೇ ಮಾಡಿದರು. ಆಮೇಲೆ ಅದೇ ರುಚಿಯಾಗಿಹೋಯಿತು. ಟಿವಿಯ ಮುಂದೆ ಮೂವರು ಮುದುಕರು ಕಣ್ಣು ಮುಚ್ಚಿ ಕೂತಿರುತ್ತಿದ್ದರು, ನೋಡುವವಳು ಅವಳೊಬ್ಬಳೇ. ಇವತ್ತು ಅಣ್ಣ ಅತ್ತಿಗೆಯೂ ಸೇರಿದ್ದರು.

"ಬೆಳಗಿನ ಹೊತ್ತು. ಬೀದಿ," ಎಂದು ಅವಳು ಶುರುಮಾಡಿದಳು. "ಬೀರು ಅವನಿಗಿಂತ ಒಂದು ಗೇಣು ಎತ್ತರ. ಹೆಗಲು ಕೊಡ್ತಾನೆ. ಬೀರು ಏಳತ್ತೆ, ಅವನು ಕೂರ್ತಾನೆ."

ವಾಚಿನವರು ಕಣ್ಣು ಮುಚ್ಚಿಕೊಂಡೇ ನಕ್ಕರು. ಅವಳು ಹೇಳುತ್ತ ಹೋದಳು. ಮೊದಲ ಮಹಡಿ, ಎರಡನೆಯದು. ಇದೇ ನಡುಮನೆಯಲ್ಲಿ, ಇದೇ ಕುರ್ಚಿಯಲ್ಲಿ ತಾನು ಮುದುಕಿಯಾಗುವುದು ಅವಳಿಗೆ ಸ್ಪಷ್ಟವಾಗಿ ಕಂಡಿತು. ಮುಂದಿನ ಭಾನುವಾರ ಇನ್ನಿಬ್ಬರು ಬರುತ್ತಾರೆ, ಅವರೂ ಕಣ್ಣು ಮುಚ್ಚುತ್ತಾರೆ. ಎದುರಿಗಿದ್ದ ನಾಲ್ಕು ಮುಖಗಳನ್ನು ನೋಡಿದಳು. ಯಾರೂ ಅವಳನ್ನು ನೋಡುತ್ತಿರಲಿಲ್ಲ. ಹೇಳುವುದಾದರೆ ಈಗಲೇ ಹೇಳಬೇಕು.

"ನಾಲ್ಕನೇ ಮಹಡಿ ಮುಟ್ಟಿದಾನೆ," ಎಂದಳು, ಅದೇ ದನಿಯಲ್ಲಿ. "ಬಾಗಿಲು ಚಿಕ್ಕದು. ಬೀರು ಹೋಗಲ್ಲ. ನಾಳೆ ಬೆಳಿಗ್ಗೆ ಯಜಮಾನರಿಗೆ ಹ್ಞೂಂ ಅಂತ ಫೋನು ಮಾಡ್ತೀನಿ. ಕಡಲ ಪಕ್ಕದ ಊರಿಗೆ ಹೋಗಿ ಅಲ್ಲಿನ ಲ್ಯಾಬು ನಡೆಸ್ತೀನಿ. ಮುಂದಿನ ಭಾನುವಾರ ನಾನಿರಲ್ಲ ಅಣ್ಣ. ಆಮೇಲಿನ ಭಾನುವಾರಾನೂ ಇರಲ್ಲ."

ಪಿಯಾನೊ ಬಾರಿಸುತ್ತಲೇ ಇತ್ತು. ಯಾರೂ ಕಣ್ಣು ತೆರೆಯಲಿಲ್ಲ. ಅಣ್ಣನ ರೆಪ್ಪೆಗಳು ಇನ್ನಷ್ಟು ಬಿಗಿಯಾದವು. ಅತ್ತಿಗೆಯ ಕೈ ಹೋಗಿ ಅವನ ಮೊಣಕಾಲಿನ ಮೇಲೆ ಕೂತಿತು. ಪೋಸ್ಟ್‌ಮಾಸ್ಟರ ಮುಚ್ಚಿದ ಕಣ್ಣಿನ ಕೊನೆಯಿಂದ ನೀರಿಳಿದು ಮೀಸೆಗೆ ಸೇರಿತು.

"ಬಾಗಿಲು ಚಿಕ್ಕದು," ಎಂದರು ವಾಚಿನವರು. "ಆಮೇಲೇನಾಯ್ತು, ಹೇಳಮ್ಮ."

ಅವಳು ಹೇಳಲಿಲ್ಲ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಪರದೆಯ ಕಡೆ ತಿರುಗಿದಳು. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವಳ ಬಾಯಿ ಸುಮ್ಮನಿತ್ತು, ಕಣ್ಣಿಗೆ ಬೇರೆ ಕೆಲಸವಿರಲಿಲ್ಲ. ಆ ನಟನ ಮುಖದಲ್ಲಿ ಇಷ್ಟೆಲ್ಲ ಇತ್ತೇ? ಸೋತು ನಗುವಾಗ ಅವನ ಎಡಗಡೆಯ ಹುಬ್ಬು ಮಾತ್ರ ಏಳುತ್ತಿತ್ತು. ಬೀರುವನ್ನು ಒಳಗಿನಿಂದ ಸರಿಸಿ ನೋಡಲು ಅವನು ಅದರೊಳಗೆ ಹೊಕ್ಕ. ಬಾಗಿಲು ತಾನಾಗಿ ಮುಚ್ಚಿ ಚಿಲಕ ಬಿತ್ತು. ಬೀರು ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ತಳದ ಹಲಗೆ ಕಳಚಿ ಎರಡು ಬೂಟುಕಾಲು ಹೊರಬಂದವು. ಬೀರು ಎದ್ದು ನಿಂತು, ಹುಷಾರಾಗಿ, ಒಂದೊಂದೇ ಮೆಟ್ಟಿಲು ಇಳಿಯತೊಡಗಿತು. ಮೂರನೇ ಮಹಡಿಯಲ್ಲಿ ಅಜ್ಜಿಯೊಬ್ಬಳು ಎದುರಾದಾಗ ಪಕ್ಕಕ್ಕೆ ಸರಿದು ದಾರಿ ಬಿಟ್ಟು, ಬಗ್ಗಿ ನಮಸ್ಕಾರ ಮಾಡಿತು.

ಅವಳು ಗೊಳ್ಳೆಂದು ನಕ್ಕಳು.

"ಏನು? ಏನಾಯ್ತು?" ಎಂದರು ವಾಚಿನವರು.

ಅವಳು ಬಾಯಿಗೆ ಸೆರಗು ಒತ್ತಿಕೊಂಡು ಮತ್ತೆ ನಕ್ಕಳು. ಮೊದಲು ಅಣ್ಣ ಒಂದು ಕಣ್ಣು ತೆರೆದ. ಆಮೇಲೆ ಅತ್ತಿಗೆ. ವಾಚಿನವರು ಕುರ್ಚಿಯನ್ನು ಕರಕರ ಎಳೆದುಕೊಂಡು ಟಿವಿಯ ಹತ್ತಿರ ಸರಿದರು. ಅವಳ ಕಡೆ ಯಾರೂ ನೋಡಲಿಲ್ಲ. ಪೋಸ್ಟ್‌ಮಾಸ್ಟರು ಕಣ್ಣು ಕಿರಿದು ಮಾಡಿ, ಮುಂದಕ್ಕೆ ಬಾಗಿ, ಎಷ್ಟೋ ವರ್ಷದಿಂದ ಭಾನುವಾರ ತರುವ ಗೊಡವೆಯೇ ಇರದಿದ್ದ ಕನ್ನಡಕಕ್ಕಾಗಿ ಒಂದೊಂದೇ ಜೇಬು ತಡಕುತ್ತಿದ್ದರು.